ಸುರ ಹಿಡಿಯುವವರ ಕುರ್ಚಿ

ನಮ್ಮ ಕಡೆಯ ಸಭೆಗಳಲ್ಲಿ ಗಟ್ಟಿ ದನಿಯವರು ಮುಂದಿನ ಸಾಲು ಹಿಡಿಯುತ್ತಾರೆ, ಮೆತ್ತಗೆ ಮಾತಾಡುವವರು ಕಂಬದ ಮರೆಗೆ ಸರಿಯುತ್ತಾರೆ. ಇದು ಪೂರ್ತಿ ತಿರುವುಮುರುವಾದದ್ದನ್ನು ನಾನು ನೋಡಿದ್ದು ಕೊಟ್ಟೂರಿನ ಒಂದು ಶೇಂಗಾ ಗೋದಾಮಿನಲ್ಲಿ. ಅಲ್ಲಿ ನಗಾರಿಯವರು ಎಲ್ಲರಿಗಿಂತ ಹಿಂದೆ, ಗೋಡೆಗೆ ಬೆನ್ನು ಹಚ್ಚಿ ಕೂತಿದ್ದರು. ಅವರ ಮುಂದೆ ಮದುವೆ ಬ್ಯಾಂಡಿನ ಟ್ರಂಪೆಟ್ಟುಗಳು. ಅವುಗಳ ಮುಂದೆ ಕ್ಲಾರಿನೆಟ್ಟು, ಕೊಳಲು. ಎಲ್ಲಕ್ಕೂ ಮುಂದೆ, ಅರ್ಧಚಂದ್ರದ ಹಾಗೆ ಬಾಗಿದ ಸಾಲುಗಳಲ್ಲಿ, ನಾವು ಪಿಟೀಲಿನವರು. ಒಬ್ಬೊಬ್ಬರೇ ನುಡಿಸಿದರೆ ನಮ್ಮ ದನಿ ಗೋದಾಮಿನ ಬಾಗಿಲು ದಾಟುವುದಿಲ್ಲ. ಅದಕ್ಕೇ ನಮಗೆ ಮುಂದಿನ ಜಾಗ, ಅದಕ್ಕೇ ನಾವು ಬಹಳ ಮಂದಿ.

ಹೀಗೆ ಕೂರಿಸಿದವರು ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾಗಿ ಬಂದ ಒಬ್ಬ ಸುಬೇದಾರರು. ಉಚ್ಚಂಗಿದುರ್ಗದ ಗುಡ್ಡದ ಕೆಳಗಿನ ಹಳ್ಳಿಯವರು. ಹೆಂಡತಿಯ ತವರು ಕೊಟ್ಟೂರಾದ್ದರಿಂದ ಇಲ್ಲೇ ಮನೆ ಮಾಡಿದ್ದರು. ಉತ್ತರದ ದೊಡ್ಡ ಊರುಗಳಲ್ಲಿ ಇದ್ದಾಗ, ಬ್ಯಾಂಡಿನ ಕೆಲಸ ಮುಗಿದ ಮೇಲೆ, ಸಿಂಫನಿ ಆರ್ಕೆಸ್ಟ್ರಾಗಳಲ್ಲೂ ಕೂತು ಊದಿದವರು. ಆ ರುಚಿ ಅವರನ್ನು ಬಿಟ್ಟಿರಲಿಲ್ಲ. ಒಂದು ಮದುವೆ ಮೆರವಣಿಗೆಯ ಹಿಂದೆ ನಡೆಯುತ್ತಾ ನಡೆಯುತ್ತಾ, ಬ್ಯಾಂಡಿನವರು ಊದುವುದನ್ನು ಕೇಳಿ, "ನಮ್ಮ ಐದು ತಾಲ್ಲೂಕು ಜಾಲಾಡಿದ್ರೆ ಒಂದು ಸಿಂಫನಿ ಆಗೋಷ್ಟು ಜನ ಐತೆ. ಕೂಡ್ಸೋರಿಲ್ಲ ಅಷ್ಟೆ," ಅಂದರಂತೆ. ಅಂದದ್ದಷ್ಟೇ ಅಲ್ಲ, ಮರುದಿನವೇ ಮೋಟಾರ್ ಸೈಕಲ್ಲು ಹತ್ತಿದರು.

ಕೂಡ್ಲಿಗಿಯಿಂದ ನಗಾರಿ ಬಂದವು, ಹರಪನಹಳ್ಳಿಯಿಂದ ಹೊಟ್ಟೆ ಉಬ್ಬಿದ ದೊಡ್ಡ ಹಿತ್ತಾಳೆಯ ವಾದ್ಯಗಳು, ಕೊಟ್ಟೂರಿನಿಂದ ಟ್ರಂಪೆಟ್ಟು, ಕ್ಲಾರಿನೆಟ್ಟು. ಹಡಗಲಿಯ ಸಂಗೀತ ಕ್ಲಾಸಿನಲ್ಲಿ ಕಲಿತ ಪಿಟೀಲಿನವರು ಬಸ್ಸು ಹಿಡಿದು ಬಂದರು. ನಾನು ಕೊಟ್ಟೂರಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳಾದರೂ ತವರು ಹಡಗಲಿ. ಚಿಕ್ಕಂದಿನಲ್ಲಿ ಅಲ್ಲೇ ಪಿಟೀಲು ಕಲಿತು, ಮದುವೆಯಾದ ಮೇಲೆ ಅಟ್ಟಕ್ಕೇರಿಸಿದ್ದ ವಾದ್ಯವನ್ನು ಕೆಳಗಿಳಿಸಿ ನಾನೂ ಅವರ ಜೊತೆ ಸೇರಿದೆ. ಭಾನುವಾರ ಗೋದಾಮಿದ್ದ ಮಾರುಕಟ್ಟೆ ಯಾರ್ಡಿನಲ್ಲಿ ವ್ಯಾಪಾರವಿಲ್ಲ. ಖಾಲಿ ಬಿದ್ದ ಗೋದಾಮಿನ ಧೂಳು ಹೊಡೆದು, ಶೇಂಗಾ ಸಿಪ್ಪೆ ಗುಡಿಸಿ, ತಾಲೀಮು ಶುರುವಾಯಿತು.

ಮೊದಲ ತೊಡಕು ಕುರ್ಚಿಯದ್ದೇ. ನಾವೆಲ್ಲ ಚಾಪೆಯ ಮೇಲೆ ಕಾಲು ಮಡಚಿ, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟುಕೊಂಡು ಕಲಿತವರು. ಸುಬೇದಾರರು ಕುರ್ಚಿ ಕೊಟ್ಟು, ವಾದ್ಯ ಗದ್ದದ ಕೆಳಗೆ ಬರಲಿ ಅಂದರು. ಕೂತೆವು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರ ಪಿಟೀಲೂ ಬಾಗಿ ಬಾಗಿ ಕಾಲು ಹುಡುಕತೊಡಗಿತು. ಹಿಂದಿನಿಂದ ಕೊಟ್ಟೂರಿನ ಟ್ರಂಪೆಟ್ಟಿನವನು, "ಸಾಹೇಬ್ರ, ಹಡಗಲಿಯಾರಿಗೆ ನಿದ್ದಿ ಬಂದೈತಿ ನೋಡ್ರಿ," ಅಂದ. ನಮ್ಮ ಪಿಟೀಲಿನ ಮುಖ್ಯಸ್ಥೆ ಮಲ್ಲಿಗೆ ಬೆಳೆಯುವವರ ಮನೆಯ ಒಬ್ಬ ಹುಡುಗಿ, ಕಾಲೇಜು ಮುಗಿಸಿದವಳು, ಬಾಯಿ ಚುರುಕು. ತಿರುಗಿಯೂ ನೋಡದೆ, "ನಿಂತು ಊದಿದ್ರಷ್ಟ ಎಚ್ಚರ ಇರೋರಿಗೆ ಕುಂತ ಮಂದಿ ಮಲಗಿದಂಗ ಕಾಣತಾರಣ್ಣ," ಅಂದಳು. ಬ್ಯಾಂಡಿನವರಿಗೂ ಅದೇ ಪಾಡಾಗಿತ್ತು. ನಡೆಯುತ್ತಾ ಊದಿದವರಿಗೆ ಕೂತರೆ ಉಸಿರು ಎಲ್ಲಿಂದ ಎತ್ತಬೇಕೆಂಬುದೇ ಮರೆತಂತೆ.

ನಾನು ಮೆಚ್ಚುತ್ತಾ ಹೋದದ್ದು ಸಣ್ಣ ಸಣ್ಣ ಕಟ್ಟಳೆಗಳನ್ನು. ಇಬ್ಬಿಬ್ಬರಿಗೆ ಒಂದು ಸ್ಟ್ಯಾಂಡು, ಅದರ ಮೇಲೆ ಒಂದೇ ಸ್ವರದ ಹಾಳೆ. ಪುಟ ಮುಗಿದಾಗ ಸಭೆಯಿಂದ ಆಚೆ ಬದಿಗೆ ಕೂತವರು ನುಡಿಸುವುದನ್ನು ನಿಲ್ಲಿಸಿ ಹಾಳೆ ತಿರುವಬೇಕು, ಈಚೆಯವರು ನಿಲ್ಲಿಸಬಾರದು. ಹೀಗೆ ಪ್ರತಿ ಜೋಡಿಯಲ್ಲೂ ಒಬ್ಬರು ಸುಮ್ಮನಾದರೂ ಹಾಡು ಎಲ್ಲೂ ಹರಿಯುವುದಿಲ್ಲ. ನನ್ನದು ಆ ಹಾಳೆ ತಿರುವುವ ಜಾಗ. ಕೇಳುವವರಿಗೆ ಗೊತ್ತೇ ಆಗದ ಒಂದು ಕೆಲಸ ಮಾಡುವುದರಲ್ಲಿ ಎಷ್ಟು ಸುಖವಿದೆಯೆಂದು ಆಗ ತಿಳಿಯಿತು. ಇನ್ನು ಕಮಾನು. ಮುಖ್ಯಸ್ಥೆಯ ಕಮಾನು ಮೇಲೆ ಹೋದರೆ ನಮ್ಮೆಲ್ಲರದೂ ಮೇಲೆ, ಕೆಳಗೆ ಬಂದರೆ ಕೆಳಗೆ. ಮೊದಲ ದಿನ ನಮ್ಮ ಕಮಾನುಗಳು ಸಂತೆಯ ಕೊಡೆಗಳಂತೆ ಒಂದಕ್ಕೊಂದು ತಗುಲುತ್ತಿದ್ದವು. ಕೆಲವು ವಾರಗಳಲ್ಲಿ ಜೋಳದ ಹೊಲದ ಮೇಲೆ ಗಾಳಿ ಹೋದ ಹಾಗೆ ಬಾಗತೊಡಗಿದವು. ಸುಬೇದಾರರು ತಾಳ ತೋರಿಸುವ ಕೋಲು ಎತ್ತಿದವರು ಹಾಗೇ ನಿಂತು ಅದನ್ನೇ ನೋಡಿದ್ದುಂಟು.

ಎಲ್ಲ ಸರಿ ಬಂದರೂ ಶ್ರುತಿ ಮಾತ್ರ ಕೂಡುತ್ತಿರಲಿಲ್ಲ.

ಸಿಂಫನಿಯಲ್ಲಿ ನುಡಿಸುವ ಮೊದಲು ಎಲ್ಲರೂ ಒಂದು ಸ್ವರಕ್ಕೆ ತಮ್ಮ ವಾದ್ಯ ಹೊಂದಿಸಿಕೊಳ್ಳುತ್ತಾರೆ. ಅದನ್ನು ಅವರು ‘ಎ’ ಅನ್ನುತ್ತಾರೆ. ನಮ್ಮ ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ಬಿಳಿ ಆರು. ಯಾರೋ ಒಬ್ಬರು ಆ ಸ್ವರ ಕೊಡಬೇಕು, ಉಳಿದವರು ತೆಗೆದುಕೊಳ್ಳಬೇಕು. ನಮ್ಮಲ್ಲಿ ಎಲ್ಲರ ಕೈಯಲ್ಲೂ ಫೋನು, ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪು. ಹಸಿರು ದೀಪ ಹತ್ತಿದರೆ ಸರಿಯಾಯಿತು ಅಂತ. ಎಲ್ಲರ ದೀಪವೂ ಹಸಿರಾಗಿರುತ್ತಿತ್ತು, ಕೂಡಿ ನುಡಿಸಿದರೆ ಕಿವಿಯಲ್ಲಿ ಹಲ್ಲು ಕಡಿದಂತೆ ಆಗುತ್ತಿತ್ತು. ಕೊನೆಗೆ ತಿಳಿದದ್ದೇನೆಂದರೆ ಒಬ್ಬೊಬ್ಬರ ಆ್ಯಪಿನಲ್ಲಿ ಆ ಸ್ವರದ ಎತ್ತರ ಒಂದೊಂದು ಥರ. ಟ್ರಂಪೆಟ್ಟಿನವನಂತೂ ವಾಟ್ಸಾಪಿನಲ್ಲಿ ಯಾರೋ ಕಳಿಸಿದ್ದನ್ನು ನಂಬಿ, ಮನಸ್ಸಿಗೆ ಶಾಂತಿ ಸಿಗುತ್ತದೆಂದು ತನ್ನದನ್ನು ಕೆಳಗಿಳಿಸಿಕೊಂಡಿದ್ದ.

"ನಿನಗೊಬ್ಬಗ ಶಾಂತಿ ಸಿಕ್ಕು ನಮಗೆಲ್ಲ ತಲಿನೋವು ಬಂತಲ್ಲೋ," ಅಂದರು ನಗಾರಿಯವರು.

ಸುಬೇದಾರರು ಫೋನೆಲ್ಲ ಚೀಲಕ್ಕೆ ಹಾಕಿಸಿದರು. "ನೋಡ್ಕೊಂಡು ಶ್ರುತಿ ಮಾಡೋದಲ್ರೀ ಇದು. ಕೇಳ್ಕೊಂಡು ಮಾಡೋದು." ಆಮೇಲೆ ಒಂದು ಉದ್ದನೆಯ ಪೆಟ್ಟಿಗೆ ತೆರೆದು ಕರಿಮರದ ಒಂದು ವಾದ್ಯ ತೋರಿಸಿದರು. ಓಬೋ ಅಂತ ಅದರ ಹೆಸರು. ಅವರು ಇಡೀ ನೌಕರಿ ಊದಿದ್ದು ಅದನ್ನೇ. ಆರ್ಕೆಸ್ಟ್ರಾಗಳಲ್ಲಿ ‘ಎ’ ಕೊಡುವುದು ಅದರ ಕೆಲಸ, ಏಕೆಂದರೆ ಅದರ ದನಿ ಸೂಜಿಯ ಹಾಗೆ ಎಲ್ಲರನ್ನೂ ದಾಟಿ ಹೋಗುತ್ತದೆ, ಅಲುಗಾಡುವುದಿಲ್ಲ. ನಮ್ಮ ಕೊಟ್ಟೂರಿನ ಮೊದಲ ಬೇಸಿಗೆಯಲ್ಲೇ ಅದು ಉದ್ದಕ್ಕೆ ಸೀಳಿತ್ತು. "ಇದರ ಬಾಯಿ ನೋಡ್ರಿ," ಅಂದರು. ಎರಡು ತೆಳ್ಳನೆಯ ಪತ್ತಿ ಕೂಡಿಸಿ ದಾರ ಸುತ್ತಿದ್ದರು. "ನಮ್ಮ ಸನಾದಿಗೆ ಇದು ಸೋದರ ಸಂಬಂಧ."

ಸನಾದಿ ಅಂದ ಕೂಡಲೇ ನನಗೆ ಸುರದ ತಾತ ನೆನಪಾದರು.

ಕೊಟ್ಟೂರಿನ ಸುತ್ತ ಮದುವೆಯಾದ ನನ್ನ ವಾರಿಗೆಯವರೆಲ್ಲರ ಮದುವೆಯಲ್ಲೂ ಅವರ ಮನೆಯ ಸನಾದಿ ಇತ್ತು, ನನ್ನ ಮದುವೆಯಲ್ಲೂ ಇತ್ತು. ಅಣ್ಣ ತಮ್ಮ ಇಬ್ಬರು. ಅಣ್ಣ ಹಾಡು ನುಡಿಸುವವರು. ತಮ್ಮ, ಅಂದರೆ ಈ ತಾತ, ಅಣ್ಣನ ಮಗ್ಗುಲಲ್ಲಿ ಕೂತು ಒಂದೇ ಸ್ವರವನ್ನು ಹಿಡಿದಿರುವವರು. ಅವರ ಸನಾದಿಯ ತೂತುಗಳನ್ನು ಮೇಣದಿಂದ ಮುಚ್ಚಿರುತ್ತದೆ. ಬೇರೆ ಸ್ವರ ಬರುವುದೇ ಇಲ್ಲ. ಮೂಗಿನಿಂದ ಉಸಿರು ಎಳೆದುಕೊಳ್ಳುತ್ತಾ, ಕೆನ್ನೆಯಲ್ಲಿ ಕೂಡಿಟ್ಟ ಗಾಳಿಯನ್ನು ಬಿಡುತ್ತಾ, ಆ ಸುರ ತುಂಡಾಗದಂತೆ ಹಿಡಿದಿರುವುದು ಅವರ ಕೆಲಸ. ಅಣ್ಣ ನಡುವೆ ನಿಲ್ಲಿಸಿ ಚಹಾ ಕುಡಿಯಬಹುದು, ತಮ್ಮ ನಿಲ್ಲಿಸುವಂತಿಲ್ಲ. ಹಾಡು ಮುಗಿದು ಅಣ್ಣ ಸನಾದಿಯನ್ನು ತೊಡೆಯ ಮೇಲಿಟ್ಟರೆ ಮಾತ್ರ ತಮ್ಮನ ಸುರ ಇಳಿಯಬೇಕು.

ಅಣ್ಣ ತೀರಿಕೊಂಡಿದ್ದರು. ಹಾಡಿಲ್ಲದ ಬರೀ ಸುರವನ್ನು ಯಾರು ಕರೆಯುತ್ತಾರೆ? ತಾತ ಹಗರಿಬೊಮ್ಮನಹಳ್ಳಿಯಲ್ಲಿ ಆಸ್ಪತ್ರೆಯ ನರ್ಸಾಗಿರುವ ಮಗಳ ಮನೆ ಸೇರಿದ್ದರು. ನಾನೂ ಸುಬೇದಾರರೂ ಅಲ್ಲಿಗೆ ಹೋದೆವು. ಸನಾದಿಯ ಚೀಲ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿತ್ತು. ಮಗಳು ಆಗತಾನೇ ಡ್ಯೂಟಿಯಿಂದ ಬಂದು ಯೂನಿಫಾರ್ಮಿನಲ್ಲೇ ಇದ್ದಳು. ಸುಬೇದಾರರ ಮಾತನ್ನು ನಿಂತೇ ಕೇಳಿದಳು.

"ಬ್ಯಾಡ್ರಿ ಸರ್," ಅಂದಳು. "ನಮ್ಮಪ್ಪ ಇನ್ಮ್ಯಾಲೆ ಯಾರ ಬಾಗಲ ಮುಂದೂ ಊದೋದಿಲ್ಲ. ನಾನು ಸಣ್ಣಾಕಿ ಇದ್ದಾಗಿಂದ ನೋಡೀನಿ. ಒಳಗ ಮದುವಿ, ಇವರು ಹೊರಗ. ಚಪ್ಪಲಿ ಬಿಡೋ ಜಾಗದ ಬಾಜೂಕ ಒಂದು ಕಟ್ಟಿ. ಬಿಸಲಾಗ್ಲಿ ಮಳಿಯಾಗ್ಲಿ ಅಲ್ಲೇ. ಎಲ್ಲಾರದೂ ಊಟ ಆದಮ್ಯಾಲೆ ಇವರನ್ನ ಕರೀತಿದ್ರು. ನಾನು ಬುತ್ತಿ ಒಯ್ದು ಕೊಟ್ಟಿದ್ದೂ ಐತಿ."

"ಇದು ಮದುವೆ ಅಲ್ಲಮ್ಮ," ಅಂದರು ಸುಬೇದಾರರು.

"ಏನಾರ ಇರ್ಲಿ ಸರ್. ಎಲ್ಲಿ ಕುಂದರಸ್ತೀರಿ?"

"ನಟ್ಟನಡುವೆ."

ಅವಳು ನನ್ನ ಕಡೆ ನೋಡಿದಳು. ಹೌದು ಅಂತ ತಲೆಯಾಡಿಸಿದೆ. ಸುಬೇದಾರರು ಬೆರಳಿನಿಂದ ಗೋಡೆಯ ಮೇಲೆ ಅರ್ಧಚಂದ್ರ ಎಳೆದು ತೋರಿಸಿದರು. ಮುಂದೆ ಪಿಟೀಲು, ಹಿಂದೆ ಹಿತ್ತಾಳೆ, ಅವೆರಡರ ನಡುವೆ, ಎಲ್ಲರಿಗೂ ಸಮನಾಗಿ ಕೇಳುವ ಕಡೆ, ಸ್ವರ ಕೊಡುವವರ ಕುರ್ಚಿ. ಓಬೋದವರು ಎಲ್ಲ ದೇಶದಲ್ಲೂ ಅಲ್ಲೇ ಕೂರುತ್ತಾರೆ ಅಂದರು.

"ಕುರ್ಚಿ ಇದ್ರ ಬರ್ತಾರ," ಅಂದಳು ಮಗಳು. "ಒಂದು ಸಲ ಬಾಗಲದಾಗ ಕುಂತಿದ್ದು ಕಂಡೆ ಅಂದ್ರ ಕೈ ಹಿಡಕೊಂಡು ಕರಕೊಂಡು ಬರ್ತೀನಿ. ಆಮ್ಯಾಲೆ ಯಾರು ಕರದ್ರೂ ಕಳಸಾಂಗಿಲ್ಲ."

ತಾತ ಮೆಲ್ಲಗೆ ಎದ್ದು ಮೊಳೆಯಿಂದ ಚೀಲ ತೆಗೆದರು. "ಯಾವ ಸುರ ಬೇಕ್ರಿ?" ಅಂತ ಕೇಳಿದರು.

ಬಿಳಿ ಆರು ಅಂದರು ಸುಬೇದಾರರು.

"ಅಣ್ಣಂದು ಕರಿ ಒಂದು ಇತ್ತು," ಅಂದರು ತಾತ. ಅಣ್ಣನಿಗಾಗಿ ಕೂರಿಸಿದ ಮೇಣ ಹಾಗೇ ಇತ್ತು. ಅದನ್ನು ಕಿತ್ತರೆ ಆ ಸುರ ಹೋಗುತ್ತದೆ. ಹೆಬ್ಬೆರಳಿನಿಂದ ಅದನ್ನು ಸ್ವಲ್ಪ ಹೊತ್ತು ಸವರುತ್ತಾ ಕೂತರು. ಆಮೇಲೆ ಮಗಳಿಗೆ, "ಒಂದೀಟು ಬಿಸಿನೀರು ತಾರವ್ವಾ, ಮೇಣ ಮೆತ್ತಗಾಗ್ಲಿ," ಅಂದರು.

ಮುಂದಿನ ಭಾನುವಾರ ಗೋದಾಮಿನಲ್ಲಿ ತಾತನ ಸನಾದಿ ‘ಎ’ ಕೊಟ್ಟಿತು. ಎಷ್ಟೋ ಸಲ ಕೇಳಿದ ದನಿಯೇ, ಆದರೆ ತಗಡಿನ ಮಾಡಿನ ಕೆಳಗೆ, ನಮ್ಮೆಲ್ಲರ ನಡುವಿನಿಂದ ಎದ್ದಾಗ ಮೈ ಜುಂ ಅಂದಿತು. ಮೊದಲು ಹಿತ್ತಾಳೆಯವರು ಅದಕ್ಕೆ ತಮ್ಮ ಸ್ವರ ಸೇರಿಸಿದರು. ಹೆಚ್ಚಾದವರು ಕೊಳವೆ ಸ್ವಲ್ಪ ಹೊರಗೆ ಎಳೆದರು, ಕಡಿಮೆಯಾದವರು ಒಳಗೆ ತಳ್ಳಿದರು. ಆಮೇಲೆ ಕ್ಲಾರಿನೆಟ್ಟು, ಕೊಳಲು. ಕೊನೆಗೆ ನಮ್ಮ ಮುಖ್ಯಸ್ಥೆ ಎದ್ದು ನಿಂತು ತನ್ನ ತಂತಿ ಕೂಡಿಸಿಕೊಂಡಳು, ನಾವು ಅವಳಿಂದ ಕೂಡಿಸಿಕೊಂಡೆವು. ಒಂದು ತಂತಿ ಕೂಡಿದ ಮೇಲೆ ಅದರ ಆಸರೆಯಲ್ಲಿ ಪಕ್ಕದ್ದು, ಪಕ್ಕದ್ದರ ಆಸರೆಯಲ್ಲಿ ಅದರ ಪಕ್ಕದ್ದು. ಬಾವಿಗೆ ಬಿಟ್ಟ ಕೊಡಗಳೆಲ್ಲ ಒಂದೇ ನೀರಿಗೆ ಮುಟ್ಟಿದ ಹಾಗೆ ಒಂದು ಸದ್ದು. ಸುಬೇದಾರರು ಕಣ್ಣು ಮುಚ್ಚಿದ್ದರು. ನಮ್ಮ ಹಾಡಿಗಿಂತ ಇದೇ ಚೆನ್ನಾಗಿದೆಯಲ್ಲ ಅನ್ನಿಸಿತು ನನಗೆ, ಈಗಲೂ ಹಾಗೆ ಅನ್ನಿಸುವುದುಂಟು.

ಅವರು ಕೋಲು ಎತ್ತಿದರು. ಎಲ್ಲರೂ ಸುಮ್ಮನಾದೆವು. ತಾತ ಸುಮ್ಮನಾಗಲಿಲ್ಲ.

ಇನ್ನೇನು ನಿಲ್ಲಿಸಬಹುದು ಅಂತ ಸುಬೇದಾರರು ಕೋಲು ಇಳಿಸಿದರು. ನಾವು ಶುರು ಮಾಡಿದೆವು. ಸನಾದಿ ಹಿಡಿದೇ ಇತ್ತು. ಹಾಡಿನ ಮೊದಲ ತಿರುವಿಗೆ ಸ್ವರಗಳು ಬೇರೆ ಮನೆಗೆ ಹೋದವು. ಅಲ್ಲಿ ಆ ಸುರ ಕೂಡುವುದಿಲ್ಲ, ಕಾಲಿಗೆ ಮುಳ್ಳು ಚುಚ್ಚಿದಂತೆ ಚುಚ್ಚುತ್ತದೆ. ನಾನು ಹಾಳೆ ತಿರುವುವಾಗ ಹಿಂದೆ ನೋಡಿದೆ. ತಾತನ ಕೆನ್ನೆ ಉಬ್ಬಿತ್ತು, ಕಣ್ಣು ಅರೆಮುಚ್ಚಿತ್ತು, ಮುಖದಲ್ಲಿ ಎಷ್ಟು ನೆಮ್ಮದಿಯೆಂದರೆ ಯಾರಿಗೂ ತಡೆಯಲು ಮನಸ್ಸು ಬಾರದು. ಟ್ರಂಪೆಟ್ಟಿನವನು ಊದುವುದನ್ನು ಬಿಟ್ಟು ನಗು ನುಂಗುತ್ತಿದ್ದ. ಹಾಡು ಎಲ್ಲೋ ಕುಂಟಿ ನಿಂತಿತು. ನಾವೆಲ್ಲ ವಾದ್ಯ ಇಳಿಸಿದ್ದನ್ನು ಕಂಡ ಮೇಲೇ ತಾತ ಸನಾದಿ ಇಳಿಸಿದರು.

"ಮುಗೀತ್ರೀ?" ಅಂತ ಕೇಳಿದರು.

"ತಾತ, ನೀವು ಸ್ವರ ಕೊಟ್ಟ ಮೇಲೆ ನಿಲ್ಲಿಸಬೇಕು," ಅಂದರು ಸುಬೇದಾರರು.

"ನಿಲ್ಲಸೋದಾ?" ತಾತ ನಿಜವಾಗಿಯೂ ಗಾಬರಿಯಾದರು. "ಇನ್ನಾ ನೀವು ನುಡಸಾಕ ಹತ್ತಿದ್ರಿ. ನಾನು ನಿಲ್ಲಸಿದ್ರ ನಿಮ್ಮ ಹಾಡು ಎದರ ಮ್ಯಾಲೆ ನಿಂದರಬೇಕು?"

ಸುಬೇದಾರರು ತಾವು ನಿಂತಿದ್ದ ಮೇಜಿನಿಂದ ಇಳಿದು ಬಂದು ತಾತನ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. "ನೋಡ್ರಿ, ನಿಮ್ಮ ಮಗ್ಗಲಾಗೆ ನಿಮ್ಮಣ್ಣ ಒಬ್ರೇ ಇದ್ರು. ಅವರಿಗೆ ದಾರಿ ತಪ್ಪಬಾರದು ಅಂತ ನೀವು ಹಿಡಕೊಂಡೇ ಇದ್ರಿ. ಇಲ್ಲಿ ಇಷ್ಟು ಜನ ಅದಾರೆ. ನೀವು ಕೊಟ್ಟಿದ್ದನ್ನ ಒಬ್ಬೊಬ್ರೂ ಕಿವ್ಯಾಗೆ ಇಟ್ಕೊಂಡು ಹೋಗ್ತಾರೆ. ಬ್ಯಾರೆ ಬ್ಯಾರೆ ಕಡೆ ತಿರುಗಾಡಿ ಬರ್ತಾರೆ. ನೀವು ಬಿಟ್ರೇನೆ ಅವರು ಹೋಗೋದು."

"ಹೋದವರು ತಪ್ಪಿಸ್ಕೊಂಡ್ರ?"

"ತಪ್ಪಿಸ್ಕೊಳ್ತಾರೆ. ನಮ್ಮ ಬಿಸಲಿಗೆ ಹಿತ್ತಾಳೆ ಮೇಲಕ್ಕೆ ಹೋಗುತ್ತೆ, ತಂತಿ ಸಡಿಲಾಗಿ ಕೆಳಗೆ ಬರುತ್ತೆ. ಒಂದೊಂದು ಹಾಡು ಮುಗಿದ ಮೇಲೂ ಎಲ್ಲಾರೂ ತಿರುಗಿ ನಿಮ್ಮತ್ರಾನೇ ಬರಬೇಕು."

ತಾತ ತಲೆಯಾಡಿಸಿದರು. ಒಪ್ಪಿದ್ದಲ್ಲ ಅದು, ದೊಡ್ಡವರ ಮಾತಿಗೆ ಎದುರಾಡಬಾರದೆಂದು ಆಡಿಸಿದ್ದು. ಆಮೇಲಿನ ತಾಲೀಮುಗಳಲ್ಲಿ ಅವರು ಸ್ವರ ಕೊಟ್ಟು, ಕೋಲು ಎದ್ದ ಕೂಡಲೇ ನಿಲ್ಲಿಸಿಬಿಡುತ್ತಿದ್ದರು. ನಿಲ್ಲಿಸಿ, ಮೈಯೆಲ್ಲ ಹಿಡಿ ಮಾಡಿಕೊಂಡು, ಮಗು ತೂಗುಸೇತುವೆ ದಾಟುವುದನ್ನು ದಡದಿಂದ ನೋಡುವವರ ಹಾಗೆ ನಮ್ಮನ್ನು ನೋಡುತ್ತಿದ್ದರು. ಒಂದು ಸಂಜೆ ಅವರನ್ನು ಹಗರಿಬೊಮ್ಮನಹಳ್ಳಿ ಬಸ್ಸಿಗೆ ಹತ್ತಿಸಲು ಹೋದಾಗ, ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಕೇಳಿದರು:

"ಅಕ್ಕಾರ, ಒಂದು ಮಾತು ಖರೇ ಹೇಳ್ರಿ. ನನ್ನ ಕೆಲಸ ಇಷ್ಟ ಏನು? ಮನ್ಯಾಗ ಸುಮ್ನ ಕುಂದರತಾನಂತ ಕರುಣಾ ಮಾಡಿ ಕರದೀರೋ?"

"ಇಲ್ಲ ತಾತ. ನೀವಿಲ್ಲದಿದ್ರ ನಮಗ ಶುರು ಮಾಡಾಕ ಬರೂದಿಲ್ಲ."

"ಶುರು ಮಾಡಾಕ," ಅಂದರು. "ನಾನು ಕಡೀತನ ಇರೋ ಮನಷ್ಯಾ ಇದ್ನಿ." ಚೀಲದ ಬಾಯಿಯ ದಾರ ಬಿಗಿದು ಮತ್ತೆ ಬಿಚ್ಚಿದರು. "ಒಂದು ಸಲ ಎಲ್ಲಾರ ಮುಂದ ನುಡಸೋದು ಮುಗೀಲಿ. ಆಮ್ಯಾಲೆ ಇದು ಮೊಳಿಗೆ ಹೋಗತೈತೋ ಏನೋ ನೋಡಾಣು."

ಬಸ್ಸು ಬಂತು. ಚೀಲ ಹಿಡಿದುಕೊಂಡು ಅವರನ್ನು ಹತ್ತಿಸಿದೆ.

ಕಾರ್ಯಕ್ರಮ ಇಟ್ಟುಕೊಂಡದ್ದು ಕೊಟ್ಟೂರಿನ ಒಂದು ಕಲ್ಯಾಣಮಂಟಪದಲ್ಲಿ. ಬೇರೆಲ್ಲಿ ಅಷ್ಟು ಕುರ್ಚಿ, ಅಷ್ಟು ದೊಡ್ಡ ವೇದಿಕೆ ಸಿಗುತ್ತದೆ? ಐದೂ ತಾಲ್ಲೂಕಿನಿಂದ ಜನ ಬಂದರು. ಬ್ಯಾಂಡಿನವರ ಹೆಂಡಂದಿರು, ನಗಾರಿಯವರ ಬೀಗರು, ನಮ್ಮ ಶಾಲೆಯ ಮಾಸ್ತರು, ಪೇಟೆಯ ಅಂಗಡಿಯವರು. ಬ್ಯಾಂಡಿನವರು ಕೂತು ನುಡಿಸುವ, ಜನ ಕೂತು ಕೇಳುವ ಹಾಡು ಹೇಗಿರುತ್ತದೆಂದು ನೋಡಲೆಂದೇ ಬಂದವರು ಬಹಳ. ಟ್ರಂಪೆಟ್ಟಿನವನು ಪರದೆ ಸರಿಸಿ ಇಣುಕಿ ನೋಡಿ, "ಇಷ್ಟು ವರ್ಷ ಊದೀನಿ, ಮಂದಿ ಕುಣಿಯಾಕಷ್ಟ ಬರ್ತಿದ್ರು. ಕುಂತು ಕೇಳಾಕ ಬಂದಾರಲ್ಲೋ. ಬಾಯಿ ಒಣಗಾಕ ಹತ್ತೇತಿ ನನಗ," ಅಂದ. ಹಡಗಲಿಯ ಹುಡುಗಿ ತನ್ನ ನೀರಿನ ಬಾಟಲಿ ಕೊಟ್ಟಳು. ಅವತ್ತು ಅವಳೂ ಏನೂ ಚುಚ್ಚಿ ಮಾತಾಡಲಿಲ್ಲ.

ಎಲ್ಲರೂ ಕೂತೆವು. ಸುಬೇದಾರರು ಪಕ್ಕದಲ್ಲಿ ನಿಂತು ಒಂದು ಸಲ ಕಣ್ಣಾಡಿಸಿದರು. ನಟ್ಟನಡುವಿನ ಕುರ್ಚಿ ಖಾಲಿ.

ತಾತ ಬಂದದ್ದನ್ನು ನಾನೇ ನೋಡಿದ್ದೆ. ಮಗಳು ಡ್ಯೂಟಿ ಮುಗಿಸಿ ಆಮೇಲೆ ಬರುತ್ತಾಳೆ ಅಂದಿದ್ದರು. ಈಗ ಕೈ ತೊಳೆಯುವ ಕಡೆ ನೋಡಿಸಿದೆವು, ಅಡಿಗೆಮನೆಯ ಕಡೆ ನೋಡಿಸಿದೆವು, ಎಲ್ಲೂ ಇಲ್ಲ. ನಾನು ಪಿಟೀಲನ್ನು ಕುರ್ಚಿಯ ಮೇಲಿಟ್ಟು, ಸಭೆಯ ನಡುವಿನಿಂದಲೇ ಹೊರಗೆ ಓಡಿದೆ.

ಅವರು ಬಾಗಿಲಲ್ಲಿದ್ದರು. ಆ ಮಂಟಪದ ಮುಂಬಾಗಿಲ ಎಡಕ್ಕೆ, ಚಪ್ಪಲಿಗಳ ರಾಶಿಯ ಪಕ್ಕ, ಸಿಮೆಂಟಿನ ಸಣ್ಣದೊಂದು ಕಟ್ಟೆಯಿದೆ. ಮದುವೆಗಳಲ್ಲಿ ಸನಾದಿಯವರು ಕೂರಲೆಂದೇ ಕಟ್ಟಿಸಿದ್ದು. ತಾತ ಅದರ ಮೇಲೆ, ಎಡಗಡೆಯ ಅಂಚಿನಲ್ಲಿ, ಪಕ್ಕದಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಜಾಗ ಬಿಟ್ಟು, ಕಾಲು ಮಡಚಿ ಕೂತು ಪತ್ತಿಯನ್ನು ನಾಲಿಗೆಯಲ್ಲಿ ನೆನೆಸುತ್ತಿದ್ದರು.

ಅವರ ಎದುರಿಗೆ ಮಗಳು ನಿಂತಿದ್ದಳು. ಸ್ಕೂಟಿಯ ಹೆಲ್ಮೆಟ್ಟು ಇನ್ನೂ ಕೈಯಲ್ಲೇ ಇತ್ತು.

"ಇದೇನ್ರಿ ಮೇಡಂ?" ಅಂದಳು ನನ್ನನ್ನು ನೋಡಿ. ದನಿ ಎತ್ತಲಿಲ್ಲ, ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು. "ನಟ್ಟನಡುವ ಅಂದಿದ್ರಿ. ಗ್ವಾಡಿ ಮ್ಯಾಲೆ ಬರದು ತೋರಿಸಿದ್ರಿ. ಕಡೀಗೆ ಚಪ್ಪಲಿ ಕಾಯಾಕ ಕುಂದರಸಿದ್ರಿ ಹೌದಲ್ಲೋ?"

ಅವಳು ಚೀಲ ಎತ್ತಿಕೊಂಡಳು. "ಏಳಪ್ಪಾ. ಹೋಗಾಣು."

ತಾತ ನಮ್ಮಿಬ್ಬರನ್ನೂ ನೋಡಿದರು. ಕೆಳಗೆ ಕಟ್ಟೆಯನ್ನು ನೋಡಿದರು, ಪಕ್ಕದಲ್ಲಿ ತಾವೇ ಬಿಟ್ಟಿದ್ದ ಖಾಲಿ ಜಾಗವನ್ನು ನೋಡಿದರು. ಆಗಲೇ ಅವರಿಗೆ ತಿಳಿದದ್ದು ತಾವು ಎಲ್ಲಿ ಕೂತಿದ್ದೇವೆಂದು.

"ಯಾರೂ ಕುಂದರಸಿಲ್ಲವ್ವಾ," ಅಂದರು ಮೆಲ್ಲಗೆ. "ಚಪ್ಪಲಿ ಬಿಟ್ಟೆ. ಕಾಲು ತಾವಾ ಬಂದ್ವು. ನಮ್ಮಣ್ಣ ಬಲಕ್ಕ ಕುಂದರತಿದ್ದ, ಅವನ ಜಾಗಾ ಬಿಟ್ಟು ಕುಂತೀನಿ ನೋಡು. ಇಲ್ಲಿಂದ ಊದಿದ್ರೂ ಒಳಗ ಚಲೋ ಕೇಳಸತೈತಿ, ಅದಕ್ಕ..."

ಮಗಳು ಸಿಟ್ಟಿನಿಂದ ಸೆಟೆದಿದ್ದ ಕುತ್ತಿಗೆಯನ್ನು ಪಕ್ಕಕ್ಕೆ ತಿರುಗಿಸಿ ಬೀದಿಯ ಕಡೆ ನೋಡಿದಳು. ಮತ್ತೆ ಈ ಕಡೆ ತಿರುಗಿದಾಗ ಮುಖ ಬೇರೆಯಾಗಿತ್ತು. ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟಳು. ಬಗ್ಗಿ ಅಪ್ಪನ ಕೈ ಹಿಡಿದು ಎಬ್ಬಿಸಿದಳು. ಕೈ ಹಿಡಿದುಕೊಂಡು ಕರೆದೊಯ್ಯುತ್ತೇನೆ ಅಂದಿದ್ದಳಲ್ಲ, ಹಾಗೆಯೇ ಕರೆದೊಯ್ದಳು. ಆದರೆ ಹೊರಗಲ್ಲ, ಒಳಗೆ. ಸಭೆಯ ನಡುವಿನ ದಾರಿಯಲ್ಲಿ, ಯೂನಿಫಾರ್ಮಿನ ಬಿಳಿ ಬೂಟುಗಳಲ್ಲಿ, ಎಲ್ಲರೂ ನೋಡುತ್ತಿರುವಾಗ. ಅವರು ವೇದಿಕೆಯ ಮೆಟ್ಟಿಲ ಹತ್ತಿರ ಬಂದಾಗ ನಮ್ಮ ಮುಖ್ಯಸ್ಥೆ ಎದ್ದು ನಿಂತಳು. ಆರ್ಕೆಸ್ಟ್ರಾದಲ್ಲಿ ಮುಖ್ಯಸ್ಥೆ ಎದ್ದಳೆಂದರೆ ನಾವೆಲ್ಲ ಏಳಬೇಕೇನೋ ಅಂತ ಹರಪನಹಳ್ಳಿಯವರು ಎದ್ದರು, ಅವರನ್ನು ನೋಡಿ ನಗಾರಿಯವರು, ಕೊನೆಗೆ ಎಲ್ಲರೂ. ಹೀಗೆ ತಪ್ಪು ತಿಳಿದು ಎದ್ದ ನಲವತ್ತೈವತ್ತು ಜನರ ನಡುವೆ ತಾತ ಹೋಗಿ ತಮ್ಮ ಕುರ್ಚಿಯ ಮೇಲೆ ಕೂತರು.

ಸುರ ಎದ್ದಿತು. ಹಿತ್ತಾಳೆ ಕೂಡಿತು, ಕೊಳಲು ಕೂಡಿತು, ತಂತಿ ಕೂಡಿದವು. ಸಭೆಯವರು ಇದೇ ಹಾಡೆಂದು ತಿಳಿದು ಚಪ್ಪಾಳೆ ಹೊಡೆದರು. ಸುಬೇದಾರರು ಅದಕ್ಕೂ ಬಾಗಿ ನಮಸ್ಕಾರ ಮಾಡಿದರು. ನನಗೆ ಅವರ ಮೇಲೆ ಬಹಳ ಗೌರವ ಬಂದ ಗಳಿಗೆ ಅದು. ಕೋಲು ಎದ್ದಿತು. ತಾತ ಸನಾದಿ ಇಳಿಸಿ ತೊಡೆಯ ಮೇಲಿಟ್ಟರು.

ನಾವು ನುಡಿಸಿದ್ದು ಸುಬೇದಾರರೇ ಬರೆದ ಮೂರು ರಚನೆಗಳನ್ನು. ತಪ್ಪುಗಳಾದವು, ಆಗದೆ ಇರುತ್ತವೆಯೇ? ಆದರೆ ಮೆತ್ತನೆಯ ಕಡೆ ಹಿತ್ತಾಳೆಯವರು ಉಸಿರು ಬಿಗಿಹಿಡಿದು ನಮಗೆ ದಾರಿ ಬಿಟ್ಟರು. ಬೀದಿಯಲ್ಲಿ ಡಿಜೆ ಪೆಟ್ಟಿಗೆಗಳ ಜೊತೆ ಸೆಣಸುತ್ತಿದ್ದ ಆ ಟ್ರಂಪೆಟ್ಟು ಅವತ್ತು ತೊಟ್ಟಿಲ ಮಗು ಏಳದಷ್ಟು ಸಣ್ಣಗೆ ಊದಿತು. ಮಂಟಪದ ಸೆಕೆಗೆ ಎರಡನೆಯ ರಚನೆ ಮುಗಿಯುವ ಹೊತ್ತಿಗೆ ನಮ್ಮ ತಂತಿಗಳು ಇಳಿದಿದ್ದವು, ಹಿತ್ತಾಳೆ ಏರಿತ್ತು. ಒಬ್ಬರಿಂದೊಬ್ಬರು ದೂರವಾಗುತ್ತಿರುವುದು ನಮಗೇ ಕೇಳುತ್ತಿತ್ತು. ಮುಗಿದ ಕೂಡಲೇ ಮುಖ್ಯಸ್ಥೆ ತಿರುಗಿ ತಾತನನ್ನು ನೋಡಿದಳು. ನಾವೆಲ್ಲ ತಿರುಗಿದೆವು. ಅಷ್ಟೂ ಮುಖಗಳು ತಮ್ಮ ಕಡೆ ತಿರುಗಿದ್ದನ್ನು ನೋಡಿ ತಾತ ತೊಡೆಯ ಮೇಲಿನ ಸನಾದಿ ಎತ್ತಿದರು. ಆಮೇಲೆ, ಹಸಿದು ಬಂದವರಿಗೆ ಬಡಿಸುವವರ ಹಾಗೆ, ಅವಸರವಿಲ್ಲದೆ ಸುರ ಕೊಟ್ಟರು.

ಎಲ್ಲ ಮುಗಿದು ಜನ ಚದುರಿದ ಮೇಲೆ ನಾನು ಹೆಲ್ಮೆಟ್ಟು ಕೊಡಲು ಹೊರಗೆ ಹೋದೆ. ಮಗಳು ಸ್ಕೂಟಿ ತಿರುಗಿಸುತ್ತಿದ್ದಳು. ತಾತ ಅದೇ ಕಟ್ಟೆಯ ಹತ್ತಿರ ನಿಂತು ಚಪ್ಪಲಿ ಮೆಟ್ಟುತ್ತಿದ್ದರು.

"ತಾತ, ಇವತ್ತು ನುಡಿಸುವಾಗ ನಿಮ್ಮನ್ನ ನೋಡಿದೆ," ಅಂದೆ. "ಮೊದಲಿನಂಗ ಗಾಬರಿ ಇರಲಿಲ್ಲ."

"ಯಾಕ ಇರಬೇಕ್ರಿ?" ಅಂದರು. "ನಾನು ಬಿಟ್ಟಿದ್ದಿಲ್ಲ. ಒಳಗ ಹಿಡಕೊಂಡ ಇದ್ನಿ, ಮೂಗಿನಾಗ ಉಸರು ತಗೊಂತ, ಕಡೀತನ. ಸದ್ದು ಬರಲಿಲ್ಲ ಅಷ್ಟ." ಇನ್ನೊಂದು ಚಪ್ಪಲಿಗೆ ಕಾಲು ತೂರಿಸುತ್ತಾ, "ನೀವೂ ಹಿಡಕೊಂಡಿದ್ರಿ. ಕೇಳಸತಿತ್ತು ನನಗ," ಅಂದರು.

ಮಗಳು ಹಾರ್ನ್ ಹೊಡೆದಳು. ತಾತ ಹಿಂದೆ ಕೂತು, ಚೀಲವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ನನ್ನನ್ನು ಕೇಳಿದರು: "ಬರೋ ಐತವಾರ ತಾಲೀಮು ಐತೋ ಇಲ್ಲೋ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಮುಂದಿನಿಂದ ಅಂದಳು, "ಐತವಾರ ನನಗ ಡ್ಯೂಟಿ ಐತಪ್ಪ, ಬಿಡಾಕ ಬರೂದಿಲ್ಲ. ಬಸ್ಸಿಗೆ ಹೋಗು. ಆ ಕುರ್ಚಿಗೆ ಮನ್ಯಾಗಿಂದ ಒಂದು ದಿಂಬು ಒಯ್ಯಿ, ಬೆನ್ನು ಹಿಡೀತೈತಿ ಅಂತಿದ್ದಿ."